ತಾಯಿನರಿಯ ಕಣ್ಣು

ಮೊನ್ನೆ ಒಂದು ಮದುವೆಯ ಅಲ್ಬಮ್ ಕೊಡಲು ಘೋಣಸಗಿಗೆ ಹೋಗಿದ್ದೆ. ತಿಕೋಟಾದ ಕೊನೆಯ ಮನೆಗಳು ಮುಗಿದು ಸ್ಕೂಟಿ ಹೊಲದ ದಾರಿಗೆ ಇಳಿದದ್ದೇ ತಡ, ಆ ವಾಸನೆ ಬಂತು. ಒಣದ್ರಾಕ್ಷಿ ಶೆಡ್ಡಿನ ವಾಸನೆ. ಗೊನೆಗಳನ್ನು ಎಣ್ಣೆ, ಪೌಡರ್ ಕಲಸಿದ ನೀರಿನಲ್ಲಿ ಅದ್ದಿ, ಬಲೆಯ ಮೇಲೆ ಹರವಿ, ಕೊನೆಗೆ ಗಂಧಕದ ಹೊಗೆ ಕೊಡುವಾಗ ಏಳುವ ವಾಸನೆ ಅದು. ಸಿಹಿಯೂ ಹೌದು, ಘಾಟೂ ಹೌದು. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಮ್ಮ ಊರ ಕಡೆಯವರಿಗೆ ಅದು ಸುಗ್ಗಿಯ ವಾಸನೆ. ನನಗೆ ಮಾತ್ರ ಅದು ನರಿಯ ವಾಸನೆ. ನಗಬೇಡಿ, ಯಾಕೆ ಅಂತ ಹೇಳುತ್ತೇನೆ.

ನಮ್ಮದು ತಿಕೋಟಾ ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಫೋಟೋ ಸ್ಟುಡಿಯೋ. ಅಪ್ಪನ ಹೆಸರು ಚನ್ನಪ್ಪ. ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವನಲ್ಲ, ಆದರೂ ಊರಿಗೆಲ್ಲ ‘ಫೋಟೋ ಮಾಸ್ತರ’. ಕ್ಯಾಮೆರಾ ಹಿಡಿದರೆ ಎಡಗಣ್ಣು ಮುಚ್ಚುತ್ತಿದ್ದ. ಅದು ಎಲ್ಲರೂ ಮಾಡುವುದೇ. ಅಪ್ಪನ ವಿಶೇಷವೆಂದರೆ ಫೋಟೋ ಹೊಡೆದು ಕ್ಯಾಮೆರಾ ಕೆಳಗಿಳಿಸಿದ ಮೇಲೂ ಆ ಕಣ್ಣು ತೆರೆಯುವುದನ್ನು ಮರೆಯುತ್ತಿದ್ದ. ಒಂದೇ ಕಣ್ಣಿನಲ್ಲಿ ನೋಡುತ್ತ “ಚಲೋ ಬಂತ ನೋಡ್ರಿ” ಅನ್ನುತ್ತಿದ್ದ. ಮದುವೆ ಮನೆಯ ಹುಡುಗಿಯರು “ಮಾಸ್ತರ ನನಗ ಕಣ್ಣ ಹೊಡದ್ರು” ಅಂತ ಕಿಸಿಕಿಸಿ ನಗುವರು. “ಲೇ, ನಿಮ್ಮ ಅಜ್ಜಿಗೂ ಹಿಂಗ ಹೊಡದೇನಿ, ಆಕಿ ಏನೂ ಅಂದಿಲ್ಲ” ಅಂತ ಅಪ್ಪನ ಉತ್ತರ.

ಅಪ್ಪನಿಗೆ ಹೆಸರು ಬಂದದ್ದು ಮದುವೆ ಫೋಟೋಗಳಿಂದಲ್ಲ, ಕಣ್ಣು ತೆರೆಸುವ ಕೆಲಸದಿಂದ. ನಮ್ಮ ಕಡೆ ಆಗ ಹೆಣ್ಣುಮಕ್ಕಳಿಗೆ ಒಂದೇ ಒಂದು ಫೋಟೋ ಇರುತ್ತಿತ್ತು, ಮದುವೆಯದು. ಮದುಮಗಳು ತಲೆ ತಗ್ಗಿಸಿ, ಕಣ್ಣು ಕೆಳಗಿಟ್ಟು ಕೂರಬೇಕು. ಕತ್ತೆತ್ತಿ ಕ್ಯಾಮೆರಾ ನೋಡಿದಳೋ, ಬೀಗರ ಮನೆಯಲ್ಲಿ ಅದೇ ಒಂದು ದೊಡ್ಡ ಮಾತು. ಮುಂದೆ ಎಷ್ಟೋ ವರ್ಷಕ್ಕೆ ಆ ಹೆಣ್ಣುಮಗಳು ತೀರಿಕೊಂಡಾಗ ಮನೆಯವರು ಆ ಒಂದು ಫೋಟೋ ಹಿಡಿದು ನಮ್ಮ ಅಂಗಡಿಗೆ ಬರುವರು. “ಮಾಸ್ತರ, ಗ್ವಾಡಿಗೆ ಹಾಕಬೇಕ್ರಿ, ಕಣ್ಣಷ್ಟ ತೆರಸಿ ಕೊಡ್ರಿ” ಅನ್ನುವರು. ಅಪ್ಪ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: “ಮಗಳು ಯಾರದಾಳ? ಕರಕೊಂಡ ಬರ್ರಿ.” ಮಗಳನ್ನು ಸ್ಟೂಲಿನ ಮೇಲೆ ಕೂರಿಸಿ, ಅವಳ ಕಣ್ಣಿನ ಫೋಟೋ ತೆಗೆದು, ತಾಯಿಯ ಮುಖದಲ್ಲಿ ಕೂರಿಸುತ್ತಿದ್ದ. ಮೊದಲು ಕುಂಚದಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ. ಬಬಲೇಶ್ವರದಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ತಿಕೋಟಾದ ಯಾವ ಮನೆಯ ಪಡಸಾಲೆಗೆ ಹೋದರೂ ಗೋಡೆಯ ಮೇಲಿನ ಅಜ್ಜಿಯ ಕಣ್ಣು ನೋಡಿ, ಇದು ಯಾವ ಮಗಳದ್ದು ಅಂತ ನಾನು ಕುಳಿತಲ್ಲೇ ಹೇಳಿಬಿಡುತ್ತಿದ್ದೆ. ಅಷ್ಟು ಜಂಬ ನನಗೆ.

ನಾನು ಗೌರಿ. ಹತ್ತನೆಯದು ಮುಗಿಸುವ ಹೊತ್ತಿಗೆ ಕ್ಯಾಮೆರಾ ಕೊರಳಿಗೆ ಬಿದ್ದಿತ್ತು. ಹೆಣ್ಣುಮಕ್ಕಳ ಕೋಣೆಯೊಳಗೆ ಗಂಡಸು ಫೋಟೋದವನು ಬರುವುದು ಬೇಡ ಎನ್ನುವ ಮನೆಗಳಿಗೆಲ್ಲ ನಾನೇ ಹೋಗುತ್ತಿದ್ದೆ. ಅರಿಶಿಣ, ಮೆಹಂದಿ, ಸೀಮಂತ, ತೊಟ್ಟಿಲು. ಸಾವಿರಾರು ಫೋಟೋ ತೆಗೆದಿದ್ದೆ, ಒಂದರ ಕೆಳಗೂ ನನ್ನ ಹೆಸರಿರಲಿಲ್ಲ. ಚೆನ್ನಾಗಿ ಬಂದರೆ ಜನ ‘ಮಾಸ್ತರ ಅಂಗಡಿ ಫೋಟೋ’ ಅನ್ನುವರು. ಕೆಟ್ಟರೆ ಮಾತ್ರ ‘ಆ ಹುಡುಗಿ ತೆಗೆದದ್ದು’. ಒಮ್ಮೆ ಸಿಟ್ಟು ಬಂದು, ಅಲ್ಬಮ್ಮಿನ ಮೂಲೆಯಲ್ಲಿ ನನ್ನ ಹೆಸರು ಹಾಕುತ್ತೇನೆ ಅಂದೆ. ಅಪ್ಪ ಒಪ್ಪಲಿಲ್ಲ. “ಫೋಟೋದಾಗ ಇದ್ದಾರ ನೋಡು, ಅವರ ಹೆಸರು ಇರಬೇಕು. ತಗದಾವ್ರದ್ದ ಯಾಕಬೇಕು? ಅಡಗಿ ಮಾಡಿದಾಕಿ ರೊಟ್ಟಿ ಮ್ಯಾಲ ಹೆಸರ ಬರಿತಾಳೇನು?” ಅಂದ. ನನಗೆ ಬಾಯಿಗೆ ಬಂದ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ಕೊರೋನಾ ಗಲಾಟೆ ಎಲ್ಲ ಮುಗಿದು ಮದುವೆಗಳು ಮತ್ತೆ ಜೋರಾಗಿ ನಡೆಯತೊಡಗಿದ ವರ್ಷ ಅದು. ವಿಜಯಪುರದಲ್ಲಿ ನಾವು ಪ್ರಿಂಟ್ ಹಾಕಿಸುವ ಲ್ಯಾಬಿನ ಗೋಡೆಗೆ ಒಂದು ಪೋಸ್ಟರ್ ಅಂಟಿಸಿದ್ದರು. ನಿಸರ್ಗ ಛಾಯಾಚಿತ್ರ ಸ್ಪರ್ಧೆ. ಕಾಡುಪ್ರಾಣಿ, ಹಕ್ಕಿ, ಭೂದೃಶ್ಯ, ಯಾವುದಾದರೂ ಒಂದು ಚಿತ್ರ. ಸುಗ್ಗಿ ಮುಗಿಯುವ ಹೊತ್ತಿಗೆ ಪ್ರದರ್ಶನ. ಬಹುಮಾನ ಏನು ಅಂತಲೂ ನಾನು ನೋಡಲಿಲ್ಲ. ಕೆಳಗೆ ಒಂದು ಸಾಲಿತ್ತು: ಆಯ್ಕೆಯಾದ ಪ್ರತಿ ಚಿತ್ರದ ಕೆಳಗೆ ಛಾಯಾಗ್ರಾಹಕರ ಹೆಸರು ಹಾಕಲಾಗುವುದು. ಅದನ್ನು ಓದಿದ ಮೇಲೆ ನನ್ನ ತಲೆ ನನ್ನ ಹತ್ತಿರ ಇರಲಿಲ್ಲ. ಆದರೆ ನಿಸರ್ಗ ಎಲ್ಲಿಂದ ತರಲಿ? ನಮ್ಮ ಕಡೆ ಹುಲಿಯೇ, ಜಲಪಾತವೇ? ಬಿಸಿಲು, ಕಲ್ಲು, ಜೋಳ, ದ್ರಾಕ್ಷಿ, ಅಷ್ಟೇ.

ನರಿ ಸಿಕ್ಕದ್ದು ಮದುವೆಯಿಂದಲೇ. ಜನವರಿಯ ಒಂದು ಮುಂಜಾನೆ ಘೋಣಸಗಿಯ ಹುಸೇನಸಾಬ ಕಾಕಾರ ದ್ರಾಕ್ಷಿ ತೋಟದಲ್ಲಿ ಒಂದು ಜೋಡಿಯ ಮದುವೆ ಮುಂಚಿನ ಫೋಟೋ ತೆಗೆಯುತ್ತಿದ್ದೆ. ಕಾಕಾ ಅಪ್ಪನ ಹಳೆಯ ದೋಸ್ತ, ತೋಟ ನಮಗೆ ಸದಾ ತೆರೆದಿರುತ್ತಿತ್ತು. ಹುಡುಗ ಹುಡುಗಿಯ ಬಾಯಿಗೆ ದ್ರಾಕ್ಷಿ ಹಿಡಿಯಬೇಕು, ಹುಡುಗಿ ನಾಚಬೇಕು. ಹುಡುಗಿ ನಾಚುವ ಬದಲು ಕಿಟಾರನೆ ಕಿರುಚಿ ಹುಡುಗನ ಹೆಗಲು ಹತ್ತಿದಳು. ಬಳ್ಳಿಯ ಸಾಲಿನ ಕೊನೆಗೆ ತೆಳ್ಳಗಿನ, ಕಂದು ಬೂದು ಬಣ್ಣದ ಒಂದು ಜೀವ ನಿಂತು, ಕೆಳಗೆ ಉದುರಿದ ಹಣ್ಣು ತಿನ್ನುತ್ತಿತ್ತು. ಬಾಲದ ತುದಿ ಮಸಿಯಲ್ಲಿ ಅದ್ದಿದ ಹಾಗೆ ಕಪ್ಪು.

“ನಾಯಿ ಅಲ್ಲವ್ವಾ, ನರಿ. ಅಂಜಬ್ಯಾಡ್ರಿ” ಅಂದರು ಕಾಕಾ. “ಮುಂಜಾನಿ ಎದ್ದು ನರಿ ಮಾರಿ ನೋಡಿದ್ರ ಎಲ್ಲಾ ಚಲೋ ಆಕ್ಕತಿ ಅಂತಾರ. ನಾ ದಿನಾ ನೋಡಾಕತ್ತೇನಿ, ಇನ್ನೂ ಏನೂ ಚಲೋ ಆಗವಲ್ದು.”

ಕಾಕಾರ ಹೆಂಡತಿ ಕಾಸಿಂಬಿ ಕಾಕಿ ಶೆಡ್ಡಿನ ನೆಲ ಗುಡಿಸುತ್ತಿದ್ದವರು ತಲೆ ಎತ್ತಲಿಲ್ಲ. “ಅದಕ್ಕಿಂತ ಮದ್ಲ ನನ್ನ ಮಾರಿ ನೋಡತೀರಲ್ಲ, ಅದರ ಗುಣ ಅಲ್ಲೇ ಹೋಗತೈತಿ” ಅಂದರು. ಹುಡುಗಿ ನಕ್ಕಳು. ಅಲ್ಬಮ್ಮಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಆ ನಗುವೇ.

ಮರುದಿನದಿಂದ ನಾನು ತೋಟಕ್ಕೆ ಹೋಗತೊಡಗಿದೆ. ಮದುವೆ ಇಲ್ಲದ ದಿನ ಬೆಳಕು ಮೂಡುವ ಮೊದಲೇ ಸ್ಕೂಟಿ ತೆಗೆದರೆ, ಅಂಗಡಿ ತೆರೆಯುವ ಹೊತ್ತಿಗೆ ವಾಪಸು. ತೋಟದ ಆಚೆ ಒಂದು ಹಳೆಯ ಕಲ್ಲಿನ ಒಡ್ಡು ಇತ್ತು. ಕಾಲಾಂತರದಿಂದ ಹೊಲದಲ್ಲಿ ಆಯ್ದ ಕಲ್ಲುಗಳನ್ನೆಲ್ಲ ಅದರ ಮೇಲೆ ಒಟ್ಟಿದ್ದರು. ಅದರ ಬುಡದಲ್ಲಿ ನರಿಯ ಬಿಲ. ನಾನು ದೂರದ ಬೇವಿನ ಮರದ ಕೆಳಗೆ ಕೌದಿ ಹೊದ್ದು ಕೂರುತ್ತಿದ್ದೆ. ಮದುವೆಯಲ್ಲಿ ಅಕ್ಷತೆ ಬೀಳುವಾಗ ದೂರದಿಂದ ಮುಖ ಹಿಡಿಯಲು ಅಂತ ಕೊಂಡ ಉದ್ದನೆಯ ಲೆನ್ಸ್ ಈಗ ನರಿಯ ಮುಖ ಹಿಡಿಯಬೇಕಿತ್ತು. ಅದೇನು ಮದುಮಗಳೇ, ‘ಸ್ವಲ್ಪ ಈ ಕಡೆ ನೋಡವಾ’ ಅಂದರೆ ನೋಡಲು? ನನ್ನ ವಾಸನೆ ಬಂದರೆ ಸಾಕು, ಒಳಗೆ. ಮೊದಲ ಎಷ್ಟೋ ದಿನ ಬರೀ ಬಾಲದ ಫೋಟೋ.

ಆದರೂ ಆ ಬೆಳಗುಗಳು ನನಗೆ ರುಚಿಸಿದವು. ನಮ್ಮ ಸೀಮೆಯಲ್ಲಿ ನೋಡುವುದಕ್ಕೆ ಏನಿದೆ ಅಂದಿದ್ದೆನಲ್ಲ, ಬಾಯಿಗೆ ಮಣ್ಣು ಹಾಕಿಕೊಳ್ಳಬೇಕು. ಬಿಳಿಜೋಳದ ತೆನೆ ಹಾಲು ತುಂಬಿದ ಹೊತ್ತು. ಎಲ್ಲಿಂದಲೋ ಬಂದ ಕಬ್ಬಕ್ಕಿಗಳ ಹಿಂಡು ಆಕಾಶದಲ್ಲಿ ಒಮ್ಮೆ ಹಿಗ್ಗಿ, ಒಮ್ಮೆ ಕುಗ್ಗಿ, ಹೊಲದ ಮೇಲೆ ಬೀಸಿ ಒಗೆದ ಕಂಬಳಿಯಂತೆ ಇಳಿಯುತ್ತಿತ್ತು. ಕಾಕಾ ಎಣ್ಣೆ ಡಬ್ಬಿ ಬಡಿಯುತ್ತ, ಹಕ್ಕಿಗಳ ಏಳು ಪೀಳಿಗೆಗೆ ಬಯ್ಯುತ್ತ ಓಡುವರು. ಡಬ್ಬಿಯ ಸದ್ದಿಗೆ ಊರೇ ಎದ್ದರೂ ನರಿ ಮಾತ್ರ ಕಿವಿ ಅಲ್ಲಾಡಿಸದೆ ಕುಳಿತಿರುತ್ತಿತ್ತು. ಅದಕ್ಕೆ ಕಾಕಾರ ಬೈಗುಳ ರೂಢಿಯಾಗಿತ್ತು. ನಾನು ರೂಢಿಯಾಗಬೇಕಿತ್ತು.

ಫೆಬ್ರವರಿಯಲ್ಲಿ ನರಿಯ ಹೊಟ್ಟೆ ದಪ್ಪಗಾಯಿತು. ಆಮೇಲೆ ಕೆಲವು ದಿನ ಕಾಣಲೇ ಇಲ್ಲ. ನಾಯಿಗಳು ಹಿಡಿದವೇನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು. ಕಾಸಿಂಬಿ ಕಾಕಿ ಮಾತ್ರ ನಿಶ್ಚಿಂತ. “ಬಾಣಂತಿ ಹೊರಗ ಬರತಾಳೇನ? ಹುಚ್ಚಿ” ಅಂದರು. ಅಂದಿನಿಂದ ಕಾಕಿಯ ಬಾಯಲ್ಲಿ ಅದು ನರಿ ಅಲ್ಲ, ಬಾಣಂತಿ. ತಮ್ಮ ನಾಯಿಯನ್ನು ಕಟ್ಟಿ ಹಾಕಿಸಿದರು. ದ್ರಾಕ್ಷಿ ಕೊಯ್ಯಲು ಬಂದ ಹೆಣ್ಣಾಳುಗಳು ಒಡ್ಡಿನ ಕಡೆ ಹೊರಟರೆ, “ಆ ಕಡೆ ಯಾರೂ ಹಾಯಬ್ಯಾಡ್ರಿ, ಬಾಣಂತಿ ಅದಾಳ, ಗದ್ದಲ ಆಗಬಾರ್ದು” ಅನ್ನುವರು. ಹೊಸಬರು ಯಾರೋ ನಿಜವೆಂದೇ ನಂಬಿ, “ಗಂಡೋ ಹೆಣ್ಣೋ?” ಅಂತ ಕೇಳಿದ್ದರಂತೆ.

ಮಾರ್ಚಿಗೆ ಬಿಸಿಲು ಏರಿತು. ಶೆಡ್ಡುಗಳು ತುಂಬಿ ಇಡೀ ದಾರಿಗೆ ಆ ವಾಸನೆ ಹಬ್ಬಿತು. ಆಗ ಒಂದು ಬೆಳಗು ಬಿಲದ ಬಾಯಲ್ಲಿ ಮೊದಲು ಒಂದು ಮೂಗು, ಆಮೇಲೆ ಎರಡು, ಆಮೇಲೆ ತಳ್ಳಾಡಿಕೊಂಡು ನಾಲ್ಕು ಮರಿಗಳು. ಬಿಲದಿಂದ ಹೊರಗೆ ಉರುಳಿ, ತಮ್ಮ ಕಾಲು ತಮಗೇ ತೊಡರಿ ಬೀಳುತ್ತಿದ್ದವು. ಕಣ್ಣು ಇನ್ನೂ ಎಳೆಯವು, ನೀಲಿ ಬೂದು ಬಣ್ಣ. ದೊಡ್ಡದಾದ ಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತವಂತೆ, ಅದು ನನಗೆ ಆಮೇಲೆ ಗೊತ್ತಾದದ್ದು. ತಾಯಿ ಹೊರಗೆ ಬಂತು, ಸೊರಗಿ ಕಡ್ಡಿಯಾಗಿತ್ತು. ನನ್ನ ಕಡೆ ನೋಡಿತು. ಓಡಲಿಲ್ಲ.

ಅದಾದ ಕೆಲವು ದಿನಕ್ಕೆ ಆ ಫೋಟೋ. ಸೂರ್ಯ ಆಗಷ್ಟೇ ಒಡ್ಡಿನ ಮೇಲೆ ಬಂದಿದ್ದ. ಕಲ್ಲು ಬೆಚ್ಚಗಾಗಿತ್ತು. ತಾಯಿನರಿ ಕಲ್ಲಿನ ಮೇಲೆ ಅಡ್ಡಾಯಿತು, ಮರಿಗಳು ಮೊಲೆಗೆ ಬಿದ್ದವು. ಒಂದು ಮರಿ ಜಾಗ ಸಿಗದೆ ತಾಯಿಯ ಕುತ್ತಿಗೆಯ ಮೇಲೆ ಹತ್ತಿ ಕಿವಿ ಚೀಪತೊಡಗಿತು. ತಾಯಿ ಒಮ್ಮೆ ನನ್ನನ್ನು ನೋಡಿತು. ಆಮೇಲೆ ಗಲ್ಲವನ್ನು ಕಲ್ಲಿಗೆ ಆನಿಸಿ, ನಿಧಾನವಾಗಿ ಕಣ್ಣು ಮುಚ್ಚಿತು. ನನ್ನ ಎದುರಿಗೆ! ನಾನು ಅಲ್ಲಿ ಕುಳಿತಿದ್ದೇನೆ ಅಂತ ಗೊತ್ತಿದ್ದೂ! ಒಂದು ಹೊಡೆದೆ, ಇನ್ನೊಂದು, ಮತ್ತೊಂದು. ಮೊದಲನೆಯದೇ ಚೆನ್ನಾಗಿ ಬಂದಿತ್ತು. ವಾಪಸು ಬರುವಾಗ ದಾರಿಯುದ್ದಕ್ಕೂ ಒಬ್ಬಳೇ ನಗುತ್ತಿದ್ದೆ. ನೋಡಿದವರು ಹುಡುಗಿಗೆ ಏನೋ ಆಗಿದೆ ಅಂದುಕೊಂಡಿರಬೇಕು.

ಅಂಗಡಿಯಲ್ಲಿ ಕಂಪ್ಯೂಟರಿಗೆ ಹಾಕಿ ಅಪ್ಪನಿಗೆ ತೋರಿಸಿದೆ. ಅಪ್ಪ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದ. “ಬೆಳಕ ಚಲೋ ಹಿಡದೀ” ಅಂದ. ಅಪ್ಪನ ಬಾಯಿಂದ ಅಷ್ಟು ಬಂದರೆ ಅದು ಆರತಿ ಎತ್ತಿದ ಹಾಗೆ. ಆಮೇಲೆ ಪರದೆಯ ಮೇಲೆ, ತಾಯಿಯ ಕಣ್ಣಿದ್ದ ಜಾಗವನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒರೆಸಿದ. ಧೂಳು ಒರೆಸುತ್ತಿದ್ದಾನೆ ಅಂದುಕೊಂಡೆ.

ಚಿತ್ರ ಕೊಡುವ ಕೊನೆಯ ದಿನ ಅರಕೇರಿಯಲ್ಲಿ ಒಂದು ಮದುವೆ ಬಿದ್ದಿತು. ಬಿಡುವಂತಿರಲಿಲ್ಲ. “ನೀ ಹೋಗು, ಪ್ರಿಂಟ್ ಹಾಕಿಸಿ ನಾನ ಕೊಟ್ಟ ಬರತೇನಿ. ನಿನ್ನ ಹೆಸರ ಬರಸಿ ಬರತೇನಿ, ಸಾಕಿಲ್ಲೋ?” ಅಂದ ಅಪ್ಪ. ನನಗೆ ಹೊಟ್ಟೆ ತುಂಬಿತು. ಹೆಸರಿನ ಮಾತು ಮರೆತಿರಲಿಲ್ಲ ಅವನು. ಇಸ್ತ್ರಿ ಮಾಡಿದ ಧೋತರ ಉಟ್ಟು, ತಲೆಗೆ ಟೊಪಗಿ ಇಟ್ಟು, ವಿಜಯಪುರದ ಬಸ್ ಹತ್ತಿದ. ಆಯ್ಕೆಯಾಗಿದೆ ಅಂತ ಕೆಲವು ದಿನಕ್ಕೆ ಫೋನ್ ಬಂತು. ತಿಕೋಟಾದಲ್ಲಿ ಯಾರಿಗೆ ಹೇಳಲಿಲ್ಲ ನಾನು! ಹಾಲು ಹಾಕುವವನಿಗೂ ಹೇಳಿದೆ.

ಪ್ರದರ್ಶನದ ದಿನ ಅಪ್ಪ, ನಾನು ಕೂಡಿಯೇ ಹೋದೆವು. ಸಭಾಂಗಣದ ಒಳಗೆ ಕಾಲಿಟ್ಟರೆ ಬೇರೆಯೇ ಲೋಕ. ಬಿರುಕು ಬಿಟ್ಟ ಕೆರೆಯ ಮೇಲೆ ನೆಲ ಮುಟ್ಟದೆ ಜಿಗಿದ ಕೃಷ್ಣಮೃಗ. ಹಿನ್ನೀರಿನಲ್ಲಿ ತಲೆ ಮುಳುಗಿಸಿ ನಿಂತ ರಾಜಹಂಸಗಳ ಸಾಲು, ನೀರೆಲ್ಲ ಗುಲಾಬಿ. ಕರಿಮಣ್ಣಿನ ಬಯಲಿನ ಮೇಲೆ ಒಂದೇ ಒಂದು ಮಿಂಚು, ಅದರ ಕೆಳಗೆ ಒಂದೇ ಒಂದು ಜಾಲಿ ಮರ. ಹಾವು ನುಂಗುತ್ತಿದ್ದ ಕಪ್ಪೆಯ ಕಾಲ ಮೇಲೆ ಕುಳಿತ ನೊಣ. ಇದನ್ನೆಲ್ಲ ತೆಗೆದವರು ಎಷ್ಟು ಹೊತ್ತು ಕಾದಿರಬೇಕು ಅಂತ ನನಗೆ ಈಗ ಗೊತ್ತಿತ್ತು. ಅಪ್ಪ ಒಂದೊಂದರ ಮುಂದೆಯೂ ನಿಂತು, “ಇದರ ಆಕಾಶ ಸ್ವಲ್ಪ ಬೆಳಗ ಮಾಡಬೇಕಿತ್ತ”, “ಈ ಜಾಲಿ ಮುಳ್ಳ ತಗದ್ರ ಚಂದ ಕಾಣತಿತ್ತ” ಅಂತ ತನ್ನ ಪಾಡಿಗೆ ತಿದ್ದುತ್ತಿದ್ದ. ಕೊನೆಯ ಗೋಡೆಯ ನಟ್ಟನಡುವೆ ನನ್ನ ನರಿ. ಕೆಳಗೆ ನನ್ನ ಹೆಸರು. ನಾನು ಮೊದಲು ಹೆಸರು ನೋಡಿದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ತಲೆ ಎತ್ತಿದೆ.

ತಾಯಿನರಿ ನನ್ನನ್ನು ಪಿಳಿಪಿಳಿ ನೋಡುತ್ತಿತ್ತು.

ಎರಡೂ ಕಣ್ಣು ತೆರೆದಿದ್ದವು. ಅಪ್ಪನ ಕೈಕೆಲಸ, ಒಂದು ಕೂದಲೆಳೆಯಷ್ಟೂ ಗುರುತು ಹತ್ತುವಂತಿರಲಿಲ್ಲ. ಅಪ್ಪನ ಮುಖ ನೋಡಿದೆ. ಅವನು ಚಿತ್ರದ ಪಕ್ಕದಲ್ಲಿ ಬೀಗರ ಮನೆಗೆ ಬಂದವನ ಹಾಗೆ ನೆಟ್ಟಗೆ ನಿಂತಿದ್ದ. ಅಷ್ಟರಲ್ಲಿ ತೀರ್ಪುಗಾರರಲ್ಲಿ ಒಬ್ಬರು ಬಂದರು. ನರೆತ ಕೂದಲಿನ, ಮೆಲ್ಲಗೆ ಮಾತಾಡುವ ಮೇಡಂ. ಇದಕ್ಕೇ ಮೊದಲ ಬಹುಮಾನ ಕೊಡಬೇಕು ಅಂತ ಮಾತಾಗಿತ್ತಂತೆ. ಆದರೆ ಅವರಿಗೆ ಒಂದು ಅನುಮಾನ. ದೊಡ್ಡ ನರಿಗೆ ಮರಿಯ ಕಣ್ಣಿನ ಬಣ್ಣ ಹೇಗೆ ಬಂತು?

“ಈ ಕಣ್ಣು ಯಾರದ್ರಿ?” ಅಂತ ನನ್ನನ್ನು ಕೇಳಿದರು.

ನನಗಿಂತ ಮೊದಲು ಅಪ್ಪ ಬಾಯಿ ತೆರೆದ. “ಅದರ ಮರೀದ್ರಿ ಮೇಡಂ. ನನ್ನ ಮಗಳು ತಗದ ಬ್ಯಾರೆ ಫೋಟೋದಾಗ ಮರಿ ಚಲೋ ನೋಡಿತ್ತ, ಅದರಿಂದ ತಗೊಂಡೇನ್ರಿ. ಬ್ಯಾರೆ ಯಾವುದೋ ನರೀದ ಹಾಕಿಲ್ರಿ, ಮನಿತನದ್ದ ಹಾಕೇನಿ.” ಹೊಗಳಿಕೆಗೆ ಉತ್ತರ ಕೊಡುವವನ ಧ್ವನಿಯಲ್ಲಿ ಹೇಳಿದ.

ಮೇಡಂ ನಗಲಿಲ್ಲ, ಬಯ್ಯಲಿಲ್ಲ. ಮೂಲ ಫೋಟೋ ಇದೆಯೇ ಅಂದರು. ಕ್ಯಾಮೆರಾ ನನ್ನ ಹೆಗಲಲ್ಲೇ ಇತ್ತು. ತೆಗೆದು ತೋರಿಸಿದೆ. ಆ ಪುಟ್ಟ ಪರದೆಯಲ್ಲಿ ಮುಚ್ಚಿದ ಕಣ್ಣಿನ ತಾಯಿಯನ್ನು ಅವರು ಬಗ್ಗಿ ನೋಡಿದರು, ನೋಡುತ್ತಲೇ ಇದ್ದರು. “ಕಾಡಿನ ಜೀವ ಮನುಷ್ಯರ ಮುಂದ ಹಿಂಗ ಕಣ್ಣು ಮುಚ್ಚೂದು ನಾ ನೋಡಿಲ್ಲವ್ವಾ. ಚಿತ್ರ ಅಂದ್ರ ಇದ. ಇದನ್ನ ಕೊಟ್ಟಿದ್ರ...” ಅಂದು ಅರ್ಧಕ್ಕೆ ನಿಲ್ಲಿಸಿದರು. ತಿದ್ದಿದ ಚಿತ್ರಕ್ಕೆ ಜಾಗವಿಲ್ಲ, ಕೊಟ್ಟದ್ದನ್ನು ಈಗ ಬದಲಿಸುವಂತಿಲ್ಲ, ಅದು ನಿಯಮ. ನನ್ನ ಹೆಗಲ ಮೇಲೆ ಕೈ ಇಟ್ಟರು. ಅವರಿಗೂ ಕೆಟ್ಟೆನಿಸಿತ್ತು, ಅದು ಕಾಣುತ್ತಿತ್ತು. ಒಬ್ಬ ಹುಡುಗ ಬಂದು ಚಿತ್ರ ಇಳಿಸಿದ. ಹೆಸರಿನ ಚೀಟಿಯನ್ನೂ ಕಿತ್ತ. ಅಪ್ಪ ತನ್ನ ಹೆಗಲ ಮೇಲಿನ ವಸ್ತ್ರ ಬಿಚ್ಚಿ ಚಿತ್ರವನ್ನು ಸುತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡ. ಆಗಲೂ ಅವನಿಗೆ ಪೂರ್ತಿ ತಿಳಿದಿರಲಿಲ್ಲ. “ಬಣ್ಣದಾಗ ಹೆಚ್ಚುಕಡಿಮಿ ಆತೇನ?” ಅಂತ ಕೇಳಿದ.

ಬಸ್ಸಿನಲ್ಲಿ ನಾನು ಕಿಡಕಿಯ ಕಡೆ ಮುಖ ಮಾಡಿ ಕುಳಿತೆ. ಊರು ದಾಟುವವರೆಗೆ ತಡೆದುಕೊಂಡೆ, ಆಮೇಲೆ ಆಗಲಿಲ್ಲ. ಜನ ಇದ್ದಾರೆ ಅಂತಲೂ ನೋಡದೆ ಅಪ್ಪನ ಮೇಲೆ ಹರಿಹಾಯ್ದೆ. “ಎರಡ ತಿಂಗಳ ಬೇವಿನ ಗಿಡದ ಬುಡಕ ಕುಂತಿದ್ನೆಪಾ ನಾನು! ಅದು ಕಣ್ಣ ಮುಚ್ಚಲಿ ಅಂತ ಕುಂತಿದ್ನಿ! ನಿನಗ ಯಾರ ತೆರಿ ಅಂದಿದ್ರು? ಮುಚ್ಚಿದ್ರ ಏನ ಆಗತಿತ್ತ ನಿಂದು?”

ಅಪ್ಪ ಚಿತ್ರವನ್ನು ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಂಡಿದ್ದ. ಅದರ ಮೇಲಿನ ವಸ್ತ್ರ ಸರಿಮಾಡುತ್ತ ಹೇಳಿದ.

“ಮರಿ ಮೈಮ್ಯಾಲ ಬಿದ್ದಾವು, ಅವ್ವನ ಕಣ್ಣ ಮುಚ್ಯಾವು. ನನಗ ನೋಡಾಕ ಆಗಲಿಲ್ಲವ್ವಾ.”

“ಮಲಗಿತ್ತೋ ಯಪ್ಪಾ ಅದು!”

“ನೀ ಸಣ್ಣಾಕಿದ್ದಿ, ನಿನಗ ನೆಪ್ಪಿಲ್ಲ” ಅಂದ ಅಪ್ಪ. “ನಿಮ್ಮವ್ವ ಹ್ವಾದ ಮ್ಯಾಲ ಮನ್ಯಾಗ ಇದ್ದದ್ದು ಒಂದ ಫೋಟೋ. ನಮ್ಮ ಲಗ್ನದ್ದು, ಆಕಿ ಒಬ್ಬಾಕಿನ್ನ ಕುಂಡ್ರಿಸಿ ನಾನ ತಗದದ್ದು. ತಲಿ ತಗ್ಗಿಸಿ ಕುಂತಿದ್ಲು, ಕಣ್ಣ ಕೆಳಗ. ಊರ ಮಂದಿ ಫೋಟೋ ಎಲ್ಲಾ ತಗದ್ನಿ, ಆಕೀದ ಇನ್ನೊಂದ ತಗೀಲಿಲ್ಲ. ನಾಳೆ ತಗದರಾತು, ನಾಳೆ ತಗದರಾತು ಅಂತ ಬಿಟ್ಟೆ. ಅದನ್ನ ಗ್ವಾಡಿಗೆ ಹಾಕಿದ್ನಿ. ನೀ ದಿನಾ ಮುಂಜಾನಿ ಎದ್ದು ಅದರ ಮುಂದ ನಿಂತು, ‘ಯವ್ವಾ ಏಳಬೇ, ಬೆಳಕಾತು ಏಳಬೇ’ ಅಂತಿದ್ದಿ. ಏಳಲಿಲ್ಲ ಅಂತ ಅಳತಿದ್ದಿ. ನಾ ಏನ ಮಾಡ್ಲಿ? ನಿನ್ನ ಸ್ಟೂಲ್ ಮ್ಯಾಲ ಕುಂಡ್ರಿಸಿದ್ನಿ. ನಿನ್ನ ಕಣ್ಣ ಆಕಿಗೆ ಹಾಕಿದ್ನಿ. ಮರುದಿನ ನೀ ನೋಡಿ, ‘ಅವ್ವ ಎದ್ಲು’ ಅಂದಿ. ಅವತ್ತಿಂದ ಅಳಲಿಲ್ಲ.”

ನನಗೆ ಬುದ್ಧಿ ಬಂದಾಗಿನಿಂದ ಕೇಳಿದ ಮಾತು ಒಂದೇ. ಮನೆಗೆ ಬಂದ ಪ್ರತಿಯೊಬ್ಬರೂ ಗೋಡೆಯನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಕಣ್ಣ ಥೇಟ್ ಅವ್ವಂದ” ಅನ್ನುತ್ತಿದ್ದರು. ನಾನೂ ಎಷ್ಟು ಸಲ ಕನ್ನಡಿಯಲ್ಲಿ ಅವ್ವನನ್ನು ಹುಡುಕಿದ್ದೆ. ಊರವರ ಗೋಡೆಯ ಕಣ್ಣೆಲ್ಲ ಗುರುತಿಸುತ್ತಿದ್ದವಳು ನನ್ನ ಮನೆಯ ಗೋಡೆಯನ್ನು ಒಂದು ದಿನವೂ ಹಾಗೆ ನೋಡಿರಲಿಲ್ಲ. ಬಸ್ಸು ತಿಕೋಟಾ ಮುಟ್ಟಿತು. ಇಳಿಯುವಾಗ ಅಪ್ಪನ ಕಂಕುಳಿನ ಚಿತ್ರವನ್ನು ನಾನು ಇಸಿದುಕೊಂಡೆ.

ಮರುದಿನ ಬೆಳಕು ಹರಿಯುವ ಮೊದಲೇ ಅಪ್ಪನನ್ನು ಎಬ್ಬಿಸಿ ಸ್ಕೂಟಿಯ ಹಿಂದೆ ಕೂರಿಸಿಕೊಂಡೆ. ಯಾಕೆ ಅಂತ ಕೇಳಿದರೆ ಕೌದಿಯನ್ನು ಅವನ ಕೈಗೆ ಕೊಟ್ಟೆ. ಘೋಣಸಗಿಯ ತೋಟದಲ್ಲಿ ಕಾಸಿಂಬಿ ಕಾಕಿ ಒಲೆ ಹೊತ್ತಿಸುತ್ತಿದ್ದರು. “ಮಾಸ್ತರ ಬಾಣಂತಿ ಮಾತಾಡಸಾಕ ಬಂದ್ರೇನ? ಸಪ್ಪಳ ಮಾಡಬ್ಯಾಡ್ರಿ ಮತ್ತ” ಅಂದರು. ಬೇವಿನ ಮರದ ಕೆಳಗೆ ಇಬ್ಬರೂ ಒಂದೇ ಕೌದಿ ಹೊದ್ದು ಕುಳಿತೆವು. ಅಪ್ಪನ ಕೈಗೆ ಕ್ಯಾಮೆರಾ ಕೊಟ್ಟೆ. ನನ್ನ ಹತ್ತಿರ ಮೊಬೈಲ್ ಇತ್ತು.

ಬಿಸಿಲು ಒಡ್ಡಿನ ಮೇಲೆ ಬಂತು. ತಾಯಿ ಬಂತು, ಹಿಂದೆ ಮರಿಗಳು. ಹೊಸ ಮನುಷ್ಯನನ್ನು ಕಂಡು ಕಿವಿ ನಿಮಿರಿಸಿ ನಿಂತಿತು. ಇವತ್ತು ಆಗಲಿಕ್ಕಿಲ್ಲ ಅಂದುಕೊಂಡೆ. ಅಪ್ಪ ಕಲ್ಲಿನ ಹಾಗೆ ಕುಳಿತಿದ್ದ. ಬಹಳ ಹೊತ್ತಾದ ಮೇಲೆ ಅದು ಅಡ್ಡಾಯಿತು. ಮರಿಗಳು ಮೈಮೇಲೆ ಬಿದ್ದವು. ಗಲ್ಲ ಕಲ್ಲಿಗೆ ತಾಗಿತು, ಕಣ್ಣು ಮುಚ್ಚಿದವು. ಒಂದು ಮರಿ ತಾಯಿಯ ಮೂಗು ಕಚ್ಚಿತು. ತಾಯಿ ಕಣ್ಣು ತೆರೆಯದೆಯೇ ನಾಲಗೆ ಚಾಚಿ ಅದರ ಮುಖ ನೆಕ್ಕಿತು.

ಅಪ್ಪ ಉಸಿರು ಬಿಟ್ಟ. “ಬರೇ ಮಲಗ್ಯಾಳ” ಅಂದ, ತನಗೆ ತಾನೇ. “ಆರಾಮ ಮಲಗ್ಯಾಳ.” ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕ್ಯಾಮೆರಾ ಎತ್ತಿ ಒಂದೇ ಒಂದು ಫೋಟೋ ಹೊಡೆದ. ಕ್ಯಾಮೆರಾ ಇಳಿಸಿ ನನ್ನ ಕಡೆ ತಿರುಗಿದ. ಎಡಗಣ್ಣು ಮುಚ್ಚೇ ಇತ್ತು. ಒಂದು ಕಣ್ಣಿನಲ್ಲಿ ನೀರು, ಒಂದು ಕಣ್ಣು ಮುಚ್ಚಿದ್ದು, ಬಾಯ ತುಂಬ ನಗು. ನಾನು ಮೊಬೈಲ್ ಒತ್ತಿದೆ.

ಮನೆಗೆ ಬಂದ ಮೇಲೆ ಅಪ್ಪ ಟ್ರಂಕಿನ ತಳದಿಂದ ಕಣ್ಣು ತಿದ್ದದ ಆ ಲಗ್ನದ ಮೂಲ ಫೋಟೋ ತೆಗೆದು ಕೊಟ್ಟ. ಅವ್ವ ತಲೆ ತಗ್ಗಿಸಿ ಕುಳಿತಿದ್ದಾಳೆ. ಅವಳ ಕಣ್ಣು ಹೇಗಿದ್ದವು ಅಂತ ನನಗೆ ಇನ್ನು ಯಾವತ್ತೂ ತಿಳಿಯುವುದಿಲ್ಲ. ಆದರೆ ತುಟಿಯ ಒಂದು ಮೂಲೆಯಲ್ಲಿ ನಗು ತಡೆದುಕೊಂಡಿದ್ದಾಳೆ. ಎದುರಿಗೆ ನಿಂತ ಫೋಟೋದವನು ಏನೋ ಅಂದಿರಬೇಕು. ಆ ಫೋಟೋ ಈಗ ನನ್ನ ಕಂಪ್ಯೂಟರಿನ ಪಕ್ಕದಲ್ಲಿದೆ. ನನ್ನ ಕಣ್ಣಿನ ಅವ್ವ ಗೋಡೆಯ ಮೇಲೆಯೇ ಇದ್ದಾಳೆ. ಅವಳನ್ನು ಇಳಿಸಲು ನನಗೆ ಮನಸ್ಸಾಗಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ನರಿ ಸಂಸಾರ ಬಿಲ ಬಿಟ್ಟು ಹೋಯಿತು. ಕಾಕಿಗೆ ಎರಡು ದಿನ ಊಟ ರುಚಿಸಲಿಲ್ಲವಂತೆ. ಆ ಸ್ಪರ್ಧೆ ಮತ್ತೆ ನಡೆಯಿತು, ನಾನು ಚಿತ್ರ ಕಳಿಸಲಿಲ್ಲ.

ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡ. ಗೋಡೆಗೆ ಹಾಕಲು ಫೋಟೋ ಹುಡುಕಿದರೆ ಒಂದೂ ಇಲ್ಲ. ಎಲ್ಲ ಮದುವೆಯಲ್ಲೂ ಇದ್ದವನು, ಯಾವ ಫೋಟೋದಲ್ಲೂ ಇಲ್ಲದವನು. ನನ್ನ ಮೊಬೈಲಿನಲ್ಲಿ ಆ ಒಂದು ಮಾತ್ರ ಇತ್ತು. ಅದನ್ನೇ ದೊಡ್ಡದು ಮಾಡಿಸಲು ವಿಜಯಪುರದ ಲ್ಯಾಬಿಗೆ ಕೊಟ್ಟೆ. ಅಲ್ಲಿಯ ಹುಡುಗ ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ. “ಅಕ್ಕಾ, ಒಂದ ಕಣ್ಣ ಮುಚ್ಚೇತ್ರಿ. ಈಗೇನ ತ್ರಾಸಿಲ್ಲ, ಒಂದ ಸಲ ಒತ್ತಿದ್ರ ತೆರೀತೈತಿ. ತೆರಸಲೇನ್ರಿ?”

“ಬ್ಯಾಡಪಾ” ಅಂದೆ. “ಹಂಗ ಇರಲಿ. ಕೆಳಗ ಮೂಲ್ಯಾಗ ಸಣ್ಣ ಅಕ್ಷರದಾಗ ಒಂದ ಹೆಸರ ಹಾಕು.”

“ಮಾಸ್ತರ ಹೆಸರೇನ್ರಿ?”

“ಅಲ್ಲ. ನಂದು.”

ಈಗ ಅಂಗಡಿಗೆ ಬಂದವರು ಗೋಡೆ ನೋಡಿ ನಿಲ್ಲುತ್ತಾರೆ. ಕಾಸಿಂಬಿ ಕಾಕಿಯೂ ಮೊನ್ನೆ ಬಂದವರು ಸೆರಗಿನಿಂದ ಕಣ್ಣೊರೆಸಿಕೊಂಡು, “ಊರಿಗೆಲ್ಲ ಕಣ್ಣ ತೆರಸಿದಾವ, ಅವಂದ ಒಂದ ಮುಚ್ಚಿ ಹಾಕೀಯಲ್ಲಬೇ” ಅಂದರು.

“ಮುಚ್ಚಿಲ್ಲ ಕಾಕಿ” ಅಂದೆ. “ಫೋಟೋ ಹೊಡ್ಯಾಕತ್ತಾನ.”